ಮತವಿಲ್ಲದ ಊರಿನ ಮುಯ್ಯಾಳುಗಳು

ಕತಾರ್‌ನ 2020ರ ಜನಗಣತಿ ಲೆಕ್ಕಕ್ಕೆ ಹಿಡಿದದ್ದು 28,46,118 ಮಂದಿಯನ್ನು. ಇವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಜನ ಹೊರದೇಶದವರು. ಅವರಲ್ಲೂ ದೊಡ್ಡ ಗುಂಪು ಭಾರತೀಯರದು, ಏಳೆಂಟು ಲಕ್ಷದಷ್ಟು. ದೋಹಾದ ರಸ್ತೆ, ಮೆಟ್ರೋ, ಆಸ್ಪತ್ರೆ, ಹೋಟೆಲು, ಅನಿಲ ಘಟಕ ಎಲ್ಲವೂ ನಡೆಯುವುದು ಇವರ ಕೈಯಲ್ಲಿ. ಊರಿನ ಆಡಳಿತದಲ್ಲಿ ಮಾತ್ರ ಇವರಿಗೆ ಮಾತಿಲ್ಲ. 29 ಸದಸ್ಯರ ಕೇಂದ್ರ ಪೌರ ಮಂಡಳಿಗೆ ಮತ ಹಾಕುವ ಹಕ್ಕು ಕತಾರಿ ಪ್ರಜೆಗಳದ್ದು. ವಾಸದ ಪರವಾನಗಿ ನೌಕರಿಗೆ ಅಂಟಿಕೊಂಡದ್ದು. ನೌಕರಿ ಹೋದರೆ ಊರೂ ಹೋಯಿತು. ಇಂಥ ಕಡೆ ಊರಿನ ಒಳಿತಿಗೆಂದು ಹತ್ತು ಜನ ತಾವಾಗಿ ಸೇರಿದರೆ ಅವರು ಏನನ್ನು ಸುಧಾರಿಸುತ್ತಾರೆ?

ರಸ್ತೆಗುಂಡಿಯನ್ನಂತೂ ಅಲ್ಲ. ಬೆಂಗಳೂರಿನಲ್ಲಿ ನಾಗರಿಕ ಸಂಘಗಳು ಹುಟ್ಟುವುದೇ ಗುಂಡಿ, ಕಸ, ಚರಂಡಿ, ನೀರಿನ ಜಗಳದಿಂದ. ದೋಹಾದಲ್ಲಿ ಆ ಕೆಲಸಕ್ಕೆ ಅನಿಲದ ದುಡ್ಡಿದೆ. ರಸ್ತೆ, ಒಳಚರಂಡಿಗೆ 2004ರಲ್ಲಿ ಹುಟ್ಟಿದ 'ಅಶ್ಗಾಲ್' ಎಂಬ ಲೋಕೋಪಯೋಗಿ ಪ್ರಾಧಿಕಾರವಿದೆ. ಕಸದ ದೂರಿಗೆ ಪೌರಾಡಳಿತ ಸಚಿವಾಲಯದ 184 ಸಂಖ್ಯೆಯಿದೆ. ದೂರು ಕೊಡಲು ಸಂಘ ಕಟ್ಟಬೇಕಾಗಿಲ್ಲ. ಅಲ್ಲಿ ಸ್ವಯಂಸೇವಕರು ಮಾಡುತ್ತ ಬಂದ ಕೆಲಸ ಎರಡು ದಿಕ್ಕಿನದು. ಒಂದು, ಊರಿನ ಜನರನ್ನು ನೋಡಿಕೊಳ್ಳುವುದು: ಸತ್ತವರು, ಕಾಯಿಲೆ ಬಿದ್ದವರು, ಸಂಬಳ ಸಿಗದವರು, ಜೈಲಿಗೆ ಹೋದವರು. ಇನ್ನೊಂದು, ಯಾರ ಅಂಗಳವೂ ಅಲ್ಲದ ಕಡಲ ತೀರವನ್ನೂ ಮರಳುಗಾಡನ್ನೂ ಕಸದಿಂದ ಕಾಯುವುದು. ಮೊದಲನೆಯದಕ್ಕೆ ನಲವತ್ತು ವರ್ಷಗಳ ಇತಿಹಾಸವಿದೆ, ಎರಡನೆಯದು ಈಚಿನದು.

ಸೇರಿ ದುಡಿಯುವ ರೂಢಿ ಕತಾರಿಗಳಿಗೆ ಹೊಸದೇನಲ್ಲ. 'ಫಜಾ' ಎಂಬುದು ಕೊಲ್ಲಿಯ ಹಳೆಯ ಮಾತು. ಒಬ್ಬ ಕೂಗಿ ಕರೆದರೆ ಉಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುವುದು ಎಂದು ಅದರ ಅರ್ಥ. ಬೆಲೆ ಕಟ್ಟದ, ಆದರೆ ಮರೆಯದ ಸಹಾಯ ಅದು. ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ನಾಟಿಗೆ, ಕೊಯ್ಲಿಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುತ್ತಿದ್ದ ಮುಯ್ಯಾಳಿನ ಪದ್ಧತಿಗೂ ಇದಕ್ಕೂ ಹತ್ತಿರದ ನಂಟು. ವ್ಯತ್ಯಾಸವೆಂದರೆ ಮುಯ್ಯಾಳಿಗೆ ಲೆಕ್ಕವಿತ್ತು, ಇಂದು ನೀನು ಬಂದರೆ ನಾಳೆ ನಾನು ಬರಲೇಬೇಕು. ಫಜಾ ಕುಲದ ಮಾನದ ಪ್ರಶ್ನೆ. ಹಳೆಯ ದೋಹಾದ 'ಫರೀಜ್'ಗಳು, ಅಂದರೆ ಒಂದೊಂದು ಕುಲ ಒಟ್ಟಾಗಿ ನೆಲೆಸಿದ್ದ ಕೇರಿಗಳು, ಇಂಥ ಸಹಾಯದ ಮೇಲೇ ನಿಂತಿದ್ದವು. ಎಣ್ಣೆ ಬಂತು, 1990ರ ದಶಕದಲ್ಲಿ ದ್ರವೀಕೃತ ಅನಿಲದ ರಫ್ತು ಶುರುವಾಯಿತು, ಕೇರಿಗಳು ಒಡೆದು ವಿಲ್ಲಾಗಳಾದವು. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಉಳಿಯಲಿಲ್ಲ.

ಹೊರಗಿನಿಂದ ಬಂದವರಿಗೆ ಆ ಫಜಾದಲ್ಲಿ ಪಾಲಿರಲಿಲ್ಲ. ಅವರು ತಮ್ಮದನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಆದರೆ ಮನಸ್ಸು ಬಂದ ಹಾಗೆ ಕಟ್ಟಿಕೊಳ್ಳುವಂತಿಲ್ಲ. ಖಾಸಗಿ ಸಂಘ ಸಂಸ್ಥೆಗಳನ್ನು 2004ರ 12ನೇ ಕಾನೂನೂ ಆಮೇಲೆ ಅದರ ಜಾಗಕ್ಕೆ ಬಂದ 2020ರ 21ನೇ ಕಾನೂನೂ ಬಿಗಿಯಾಗಿ ಕಟ್ಟಿಹಾಕಿವೆ. ಚಂದಾ ಎತ್ತುವುದಕ್ಕೆ ಇನ್ನೊಂದು ಕಟ್ಟಿದೆ. 2014ರ 15ನೇ ಕಾನೂನಿನ ಪ್ರಕಾರ ಅನುಮತಿಯಿಲ್ಲದೆ ದಾನ ಸಂಗ್ರಹಿಸುವುದು ಶಿಕ್ಷಾರ್ಹ ಅಪರಾಧ. ಊರಲ್ಲಿ ಗಣೇಶೋತ್ಸವಕ್ಕೆ ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿ ಬೆಳೆದವನಿಗೆ ಇದು ಸುಲಭಕ್ಕೆ ತಲೆಗೆ ಹೋಗುವ ಮಾತಲ್ಲ. ಕಾಯಿಲೆ ಬಿದ್ದ ಗೆಳೆಯನಿಗೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಣ ಕೇಳುವುದೂ ಈ ಕಾನೂನಿಗೆ ಸಿಕ್ಕಿಬೀಳಬಹುದು. ಅದಕ್ಕೇ ಕತಾರ್‌ನ ಅನುಭವಿ ಕಾರ್ಯಕರ್ತ ಹೊಸಬನಿಗೆ ಮೊದಲು ಹೇಳಿಕೊಡುವುದು ಹೇಗೆ ಸಹಾಯ ಮಾಡಬೇಕೆಂಬುದನ್ನಲ್ಲ, ಯಾರ ಅನುಮತಿ ಪಡೆದು ಮಾಡಬೇಕೆಂಬುದನ್ನು.

ಭಾರತೀಯರು ಕಂಡುಕೊಂಡ ದಾರಿ ರಾಯಭಾರ ಕಚೇರಿಯ ನೆರಳು. ಅದರ ಆಶ್ರಯದಲ್ಲಿ ಭಾರತೀಯ ಸಾಂಸ್ಕೃತಿಕ ಕೇಂದ್ರ, ಕ್ರೀಡಾ ಕೇಂದ್ರ, 1984ರಲ್ಲಿ ಹುಟ್ಟಿದ ಭಾರತೀಯ ಸಮುದಾಯ ಹಿತೈಷಿ ವೇದಿಕೆ ಇವೆ. ಜನರ ಬಾಯಲ್ಲಿ ಇವು ಐಸಿಸಿ, ಐಎಸ್‌ಸಿ, ಐಸಿಬಿಎಫ್. ರಾಜ್ಯವಾರು, ಭಾಷಾವಾರು ಸಂಘಗಳು ಈ ಕೊಡೆಯ ಕೆಳಗೆ ಬರುತ್ತವೆ. ಕನ್ನಡ ನಾಡಿನ ಪಾಲಿಗೆ ಕರ್ನಾಟಕ ಸಂಘ ಕತಾರ್, ತುಳು ಕೂಟ ಕತಾರ್, ಬಂಟ್ಸ್ ಕತಾರ್, ದಕ್ಷಿಣ ಕನ್ನಡದ ಮುಸ್ಲಿಮರ ಎಸ್‌ಕೆಎಂಡಬ್ಲ್ಯುಎ ಮೊದಲಾದವು. ಎಲ್ಲವೂ ಬಿಡುವಿನ ವೇಳೆಯವು. ಎಂಜಿನಿಯರು, ಲೆಕ್ಕಿಗ, ನರ್ಸು, ಅಂಗಡಿಯವನು ಕೆಲಸ ಮುಗಿಸಿ ಬಂದು ನಡೆಸುವಂಥವು. ಪದಾಧಿಕಾರಿಗಳಿಗೆ ಸಂಬಳವಿಲ್ಲ, ಪೆಟ್ರೋಲೂ ಹೆಚ್ಚಾಗಿ ಕೈಯಿಂದಲೇ.

ಮತವಿಲ್ಲದ ಊರಿನಲ್ಲಿ ಈ ಸಂಘಗಳ ಚುನಾವಣೆಗೆ ಬರುವ ಬಿಸಿಯೂ ಗಮನಿಸಬೇಕಾದದ್ದೇ. ಐಸಿಸಿ, ಐಸಿಬಿಎಫ್‌ಗಳ ಸಮಿತಿಗೆ ಎರಡು ವರ್ಷಕ್ಕೊಮ್ಮೆ ಮತದಾನ. ಅಭ್ಯರ್ಥಿಗಳ ಪೋಸ್ಟರು, ಒಳಒಪ್ಪಂದ, ಯಾವ ರಾಜ್ಯದವರು ಯಾರ ಬೆನ್ನಿಗೆ ಎಂಬ ಲೆಕ್ಕಾಚಾರ, ಫಲಿತಾಂಶದ ರಾತ್ರಿಯ ಹಾರ ತುರಾಯಿ, ಒಂದು ಗ್ರಾಮ ಪಂಚಾಯ್ತಿ ಚುನಾವಣೆಗೆ ಬೇಕಾದ್ದೆಲ್ಲ ಅಲ್ಲಿದೆ. ಇದನ್ನು ಕುರ್ಚಿಯ ಹಂಬಲ ಎಂದು ನಗೆಯಾಡುವವರಿದ್ದಾರೆ. ನಗೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಲಕ್ಷಾಂತರ ಜನರ ಕಷ್ಟಕ್ಕೆ ಮೊದಲ ಬಾಗಿಲು ಈ ಸಮಿತಿ ಎನ್ನುವಾಗ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದು ಸಣ್ಣ ವಿಷಯವೂ ಅಲ್ಲ.

ಆ ಬಾಗಿಲನ್ನು ಜನ ಹೆಚ್ಚಾಗಿ ತಟ್ಟುವುದು ಸಾವು ಬಂದಾಗ. ಕೋಣೆಯಲ್ಲಿ ಮಲಗಿದ್ದವನು ಬೆಳಿಗ್ಗೆ ಏಳಲಿಲ್ಲ ಎಂಬ ಫೋನು ಬಂದ ಗಳಿಗೆಯಿಂದ ಸ್ವಯಂಸೇವಕನ ಓಡಾಟ ಶುರು. ಹಮದ್ ಆಸ್ಪತ್ರೆಯ ಕಡೆಗಿರುವ ಮಾನವೀಯ ಸೇವಾ ಕಚೇರಿಯಲ್ಲಿ ಪೊಲೀಸು, ಆರೋಗ್ಯ ಇಲಾಖೆಯ ಕಾಗದಗಳು ಒಂದೇ ಕಡೆ ಆಗುತ್ತವೆ, ಅದೊಂದು ಪುಣ್ಯ. ಮರಣ ಪ್ರಮಾಣಪತ್ರ ಬೇಕು. ಕಂಪನಿಯ ಪತ್ರ ಬೇಕು. ಮನೆಯವರ ಒಪ್ಪಿಗೆ ಪತ್ರ ಊರಿನಿಂದ ಬರಬೇಕು. ರಾಯಭಾರ ಕಚೇರಿ ಪಾಸ್‌ಪೋರ್ಟ್ ರದ್ದು ಮಾಡಿ ನಿರಾಕ್ಷೇಪಣಾ ಪತ್ರ ಕೊಡಬೇಕು. ದೇಹ ಕೆಡದಂತೆ ಎಂಬಾಮಿಂಗ್, ಪೆಟ್ಟಿಗೆ, ವಿಮಾನದ ಕಾರ್ಗೋದಲ್ಲಿ ಜಾಗ. ಕೊನೆಗೆ ಊರಿನ ವಿಮಾನ ನಿಲ್ದಾಣದಲ್ಲಿ ಆಂಬುಲೆನ್ಸ್ ನಿಂತಿರಬೇಕು. ಕಾರ್ಮಿಕ ಕಾನೂನಿನಂತೆ ದೇಹ ಕಳಿಸುವ ಖರ್ಚು ಮಾಲೀಕನದು. ಮಾಲೀಕ ಫೋನ್ ಎತ್ತದಿದ್ದರೆ ಎತ್ತುವ ತನಕ ಬೆನ್ನು ಬೀಳುವವನು ಮತ್ತೆ ಸ್ವಯಂಸೇವಕನೇ. ಸಾವು ಅಸಹಜವಾಗಿದ್ದರೆ ತನಿಖೆ ಮುಗಿಯುವವರೆಗೆ ಕಾಯಬೇಕು. ಅಷ್ಟೂ ದಿನ ಊರಿನಿಂದ ಹೆಂಡತಿಯೋ ಅಣ್ಣನೋ ದಿನಕ್ಕೆ ನಾಲ್ಕು ಸಲ ಕೇಳುವ ಪ್ರಶ್ನೆ ಒಂದೇ: ಯಾವತ್ತು ಬರುತ್ತೆ?

ಈ ಅನುಭವದಿಂದಲೇ ಒಂದು ಒಳ್ಳೆಯ ಯೋಜನೆ ಹುಟ್ಟಿತು. ಐಸಿಬಿಎಫ್ ಸ್ಥಳೀಯ ವಿಮಾ ಕಂಪನಿಯ ಜೊತೆ ಸೇರಿ ತಂದ ಜೀವ ವಿಮೆಗೆ ಎರಡು ವರ್ಷಕ್ಕೆ 125 ರಿಯಾಲ್ ಕಂತು. ತೀರಿಕೊಂಡರೆ ಕುಟುಂಬಕ್ಕೆ 1 ಲಕ್ಷ ರಿಯಾಲ್. ಕತಾರ್‌ನಲ್ಲಿ 2021ರ ಮಾರ್ಚ್‌ನಿಂದ ಜಾರಿಗೆ ಬಂದ ಕನಿಷ್ಠ ಮೂಲವೇತನ ತಿಂಗಳಿಗೆ 1,000 ರಿಯಾಲ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಚಂದಾ ಎತ್ತುವಂತಿಲ್ಲದ ದೇಶದಲ್ಲಿ ಚಂದಾದ ಕೆಲಸವನ್ನು ವಿಮೆಯಿಂದ ಮಾಡಿಸಿದ ಜಾಣತನ ಇದರಲ್ಲಿದೆ. ಸತ್ತ ಮೇಲೆ ಟೋಪಿ ಹಿಡಿದು ತಿರುಗುವ ಬದಲು ಬದುಕಿದ್ದಾಗಲೇ ಸಹಿ ಹಾಕಿಸುವುದು ವಾಸಿ ಎಂದು ಕಾರ್ಯಕರ್ತರು ಕಾರ್ಮಿಕರ ವಸತಿಗಳಿಗೆ ಫಾರಂ ಹಿಡಿದು ಹೋಗತೊಡಗಿದರು.

ಹೋಗುವುದು ಎಂದರೆ ಊರಾಚೆ ಹೋಗುವುದು. 2010ರ 15ನೇ ಕಾನೂನು ಕುಟುಂಬಗಳು ವಾಸಿಸುವ ಬಡಾವಣೆಗಳಲ್ಲಿ ಕಾರ್ಮಿಕರ ವಸತಿಯನ್ನು ನಿಷೇಧಿಸಿತು. ದೋಹಾದ ನಡುವೆ ಮುಶೈರಿಬ್‌ನಲ್ಲಿ, ದಕ್ಷಿಣ ಏಷ್ಯಾದವರು 'ನ್ಯಾಷನಲ್' ಎಂದು ಕರೆಯುತ್ತಿದ್ದ ಹಳೆಯ ಗಲ್ಲಿಗಳೂ ಅದೇ ಕಾಲಕ್ಕೆ ಹೊಸ ನಗರ ಯೋಜನೆಗೆ ನೆಲಸಮವಾದವು. ಒಂಟಿ ಗಂಡಸರ ನೆಲೆ ಈಗ ಕೈಗಾರಿಕಾ ಪ್ರದೇಶ, ಅಂದರೆ ಎಲ್ಲರ ಬಾಯಲ್ಲಿರುವ 'ಸನಾಇಯಾ'. ಅಲ್ಲಿಂದಾಚೆ ಏಷ್ಯನ್ ಟೌನ್, ಉತ್ತರಕ್ಕೆ ಅಲ್ ಖೋರ್, ದಕ್ಷಿಣಕ್ಕೆ ಮೆಸಯೀದ್, ಪಶ್ಚಿಮಕ್ಕೆ ದುಖಾನ್. ಪಾಸ್‌ಪೋರ್ಟ್ ನವೀಕರಣಕ್ಕೆ ದೋಹಾಕ್ಕೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ರಾಯಭಾರ ಕಚೇರಿಯೂ ಐಸಿಬಿಎಫ್ ಕಾರ್ಯಕರ್ತರೂ ಶುಕ್ರವಾರಗಳಂದು ಅಲ್ಲಿಗೇ ಹೋಗಿ ಶಿಬಿರ ಹೂಡುತ್ತಾರೆ. ಫಾರಂ ತುಂಬಿಸುವುದು ಕಾರ್ಯಕರ್ತನ ಕೆಲಸ. ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ತಂದೆಯ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ರೀತಿ ಇರುವವನ ಅರ್ಧ ದಿನ ಉಳಿಯುವುದು ಅವನ ಭಾಷೆ ಬಲ್ಲ ಒಬ್ಬ ಮನುಷ್ಯ ಮೇಜಿನ ಈಚೆ ಕೂತಿದ್ದರಿಂದ.

ಶುಕ್ರವಾರ ಈ ಇಡೀ ಸಂಗತಿಯ ಬೆನ್ನೆಲುಬು. ಕಚೇರಿಯವರಿಗೆ ಶುಕ್ರ, ಶನಿ ಎರಡು ರಜೆ. ಕಾರ್ಮಿಕನಿಗೆ ಸಾಮಾನ್ಯವಾಗಿ ಶುಕ್ರವಾರ ಒಂದೇ. ರಕ್ತದಾನ ಶಿಬಿರ, ವೈದ್ಯಕೀಯ ತಪಾಸಣೆ, ಕನ್ನಡ ರಾಜ್ಯೋತ್ಸವ, ಕ್ರಿಕೆಟ್ ಟೂರ್ನಿ, ತೀರ ಸ್ವಚ್ಛತೆ ಎಲ್ಲವೂ ಆ ಒಂದು ದಿನಕ್ಕೆ ಮುತ್ತಿಕೊಳ್ಳುತ್ತವೆ, ಅದೂ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟು.

2020ರ ಮಾರ್ಚ್ 17ರಂದು ಸನಾಇಯಾದ 1ರಿಂದ 32ನೇ ಬೀದಿಯವರೆಗಿನ ಭಾಗವನ್ನು ಸರ್ಕಾರ ಕೋವಿಡ್ ಕಾರಣಕ್ಕೆ ಮುಚ್ಚಿತು. ಅಲ್ಲಿಯವರೆಗೆ ಈ ಗುಂಪುಗಳ ಕೆಲಸ ಒಬ್ಬೊಬ್ಬರ ಕಷ್ಟಕ್ಕೆ ಓಡುವುದಾಗಿತ್ತು. ಈಗ ಒಂದೇ ಸಲಕ್ಕೆ ಸಾವಿರಾರು ಜನ. ಕೆಲಸ ನಿಂತ ಸಲೂನಿನವರು, ಟ್ಯಾಕ್ಸಿ ಓಡಿಸುತ್ತಿದ್ದವರು, ಸಣ್ಣ ಕಂಪನಿಗಳ ನೌಕರರು, ಭೇಟಿ ವೀಸಾದಲ್ಲಿ ಬಂದು ಸಿಕ್ಕಿಕೊಂಡ ತಂದೆ ತಾಯಂದಿರು ಎಲ್ಲರ ಫೋನೂ ಸಂಘಗಳಿಗೇ. ಅಕ್ಕಿ, ಬೇಳೆ, ಎಣ್ಣೆ, ಈರುಳ್ಳಿಯ ಕಿಟ್ಟುಗಳನ್ನು ಕಟ್ಟಿ ಕೋಣೆಗಳ ಬಾಗಿಲಿಗೆ ತಲುಪಿಸುವ ಏರ್ಪಾಟು ಆಯಿತು. ಸಂಗ್ರಹಕ್ಕೂ ಹಂಚಿಕೆಗೂ ಕತಾರ್ ಚಾರಿಟಿ, ರೆಡ್ ಕ್ರೆಸೆಂಟ್‌ನಂಥ ಪರವಾನಗಿಯುಳ್ಳ ಸಂಸ್ಥೆಗಳು ಜೊತೆಗಿದ್ದವು.

ಮೇ ತಿಂಗಳಲ್ಲಿ 'ವಂದೇ ಭಾರತ್' ವಿಮಾನಗಳು ಶುರುವಾದಾಗ ಕೆಲಸದ ರೂಪವೇ ಬದಲಾಯಿತು. ಊರಿಗೆ ಹೋಗಲು ನೋಂದಾಯಿಸಿದವರು ಹೆಚ್ಚು, ಸೀಟು ಕಡಿಮೆ. ಗರ್ಭಿಣಿಯರು, ರೋಗಿಗಳು, ನೌಕರಿ ಕಳೆದುಕೊಂಡವರು ಮೊದಲು ಎಂಬ ನಿಯಮ ಕಾಗದದ ಮೇಲೆ ಸರಳ. ತುಂಬು ಗರ್ಭಿಣಿಗೂ ಊರಲ್ಲಿ ತಾಯಿ ಸಾಯುತ್ತಿರುವವನಿಗೂ ನಡುವೆ ಯಾರು ಮೊದಲು ಎಂದು ಕೇಳಿದರೆ ನಿಯಮದ ಬಳಿ ಉತ್ತರವಿಲ್ಲ. ಅಂತಿಮ ಪಟ್ಟಿ ರಾಯಭಾರ ಕಚೇರಿಯದು. ಆದರೆ ಫೋನ್ ಮಾಡಿ ವಿಚಾರಿಸುವ, ಸಮಾಧಾನ ಹೇಳುವ, ಬೈಸಿಕೊಳ್ಳುವ ಪಾಲು ಸ್ವಯಂಸೇವಕರದು. ಆಮೇಲೆ ಸಮುದಾಯ ಸಂಘಗಳೇ ಬಾಡಿಗೆ ವಿಮಾನಗಳನ್ನು ಗೊತ್ತುಮಾಡಲು ನಿಂತವು. ರಾಜ್ಯೋತ್ಸವದ ವೇದಿಕೆ, ಶಾಲು, ಸ್ಮರಣಿಕೆಗಳಿಗಷ್ಟೇ ಇವು ಎಂದು ಅಂದುಕೊಂಡಿದ್ದವರಿಗೆ ಇಷ್ಟು ವರ್ಷ ಆ ವೇದಿಕೆಯ ಸುತ್ತ ಬೆಳೆದಿದ್ದ ಪರಿಚಯದ ಬಲೆಯ ಉಪಯೋಗ ಕಂಡದ್ದು ಆ ತಿಂಗಳುಗಳಲ್ಲಿ.

ಎರಡನೆಯ ದಿಕ್ಕಿನ ಕೆಲಸ, ಪರಿಸರದ್ದು, ಬೇರೆಯೇ ಜನರಿಂದ ಬೆಳೆಯಿತು. ಕತಾರಿಗಳೇ ಕಟ್ಟಿದ 'ಪರಿಸರ ಮಿತ್ರರ ಕೇಂದ್ರ' 1992ರಿಂದ ಇದೆ. ಪ್ರತಿ ವಸಂತಕ್ಕೆ ಮರುಭೂಮಿಯ ಒಂದು ಹೂವನ್ನು ಆರಿಸಿ ಮಕ್ಕಳಿಗೆ ಪರಿಚಯಿಸುವುದು ಅದರ ಹೆಸರುವಾಸಿ ಕಾರ್ಯಕ್ರಮ. 2012ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ದೋಹಾದಲ್ಲಿ ನಡೆದಾಗ ಡಿಸೆಂಬರ್ 1ರಂದು ಕಾರ್ನಿಷ್ ದಂಡೆಯ ಮೇಲೆ ಕೆಲವು ನೂರು ಜನ ಮೆರವಣಿಗೆ ಹೋದರು. ಅರಬ್ ಯುವ ಹವಾಮಾನ ಚಳವಳಿಯ ತರುಣರು ಮುಂದೆ ನಿಂತಿದ್ದ, ಸರ್ಕಾರದ ಅನುಮತಿ ಪಡೆದ ಮೆರವಣಿಗೆ. ಫಲಕ ಹಿಡಿದು ಬೀದಿಗಿಳಿಯುವ ರೂಢಿಯೇ ಇಲ್ಲದ ಊರಿಗೆ ಅದು ಹೊಸ ನೋಟ. ಆದರೆ ಆ ದಾರಿ ಅಲ್ಲಿ ಮುಂದುವರಿಯಲಿಲ್ಲ. ಬೇರೂರಿದ್ದು ಕಸ ಹೆಕ್ಕುವ ದಾರಿ.

ಈ ದಶಕದಲ್ಲಿ ಹೆಚ್ಚು ಹೆಸರು ಕೇಳಿಬರುವುದು 'ದೋಹಾ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ಸ್ ಪ್ರಾಜೆಕ್ಟ್'ನದು, ಚಿಕ್ಕದಾಗಿ 'ಡೀಪ್'. ವಾರಾಂತ್ಯದಲ್ಲಿ ಯಾವುದಾದರೊಂದು ತೀರಕ್ಕೆ ಜನರನ್ನು ಕರೆದು ಕಸ ಹೆಕ್ಕಿಸುವುದು ಅದರ ಕ್ರಮ. ಸದಸ್ಯತ್ವ, ಭಾಷೆ, ರಾಷ್ಟ್ರ ಯಾವುದೂ ಲೆಕ್ಕಕ್ಕಿಲ್ಲ. ಮನೆಮಂದಿಯ ಜೊತೆ ಬರಬಹುದು, ಶಾಲೆಯ ಬಸ್ಸಿನಲ್ಲಿ ಬರಬಹುದು. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಮುಗಿಸಬೇಕು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಹತ್ತರಿಂದ ಮೂರೂವರೆಯ ತನಕ ಕಾರ್ಮಿಕರನ್ನು ಬಯಲಿನಲ್ಲಿ ದುಡಿಸುವುದನ್ನೇ ಕಾನೂನು ತಡೆದಿರುವಷ್ಟು ಸುಡುವ ನೆಲ ಅದು.

ತೀರದಲ್ಲಿ ಸಿಗುವ ಕಸವೇ ಒಂದು ಪಾಠ. ನೀರಿನ ಬಾಟಲಿ, ಹಗ್ಗದ ಚೂರು, ಚಪ್ಪಲಿ, ಥರ್ಮಕೋಲು ಮೇಲಿನ ಪದರ. ಮರಳಿನಲ್ಲಿ ಅರ್ಧ ಹೂತ ಬಲೆ ಎಳೆದರೆ ಮುಗಿಯುವುದೇ ಇಲ್ಲ. ತಂತಿಯಿಂದ ಹೆಣೆದ, ಬೋರಲು ಹಾಕಿದ ದೊಡ್ಡ ಬುಟ್ಟಿಯಂಥ ಮೀನಿನ ಗೂಡು, 'ಗರ್ಗೂರ್', ತುಕ್ಕು ಹಿಡಿದು ಚಪ್ಪಟೆಯಾಗಿ ಬಿದ್ದಿರುತ್ತದೆ. ಅದನ್ನು ಹೊರಲು ನಾಲ್ಕು ಜನ ಬೇಕು. ಬಾಟಲಿಗಳ ಮೇಲಿನ ಬರಹ ಎಷ್ಟೋ ಸಲ ಆಚೆ ದಡದ ದೇಶಗಳದ್ದು. 'ಶಮಾಲ್' ಎಂಬ ವಾಯವ್ಯದ ಗಾಳಿ ಒಂದು ವಾರ ಬೀಸಿದರೆ ಗುಡಿಸಿದ ತೀರ ಮತ್ತೆ ಮೊದಲಿನಂತೆ. ಹೀಗೆ ಹೆಕ್ಕಿ ಏನು ಪ್ರಯೋಜನ ಎಂಬ ಪ್ರಶ್ನೆಗೆ ಒಂದು ಉತ್ತರ ಫುವೈರಿತ್‌ನಲ್ಲಿದೆ. ದೋಹಾದಿಂದ ಉತ್ತರಕ್ಕೆ ಒಂದು ಗಂಟೆಯ ದಾರಿಯ ಆ ಮರಳದಂಡೆಗೆ ಅಳಿವಿನಂಚಿನ ಹಾಕ್ಸ್‌ಬಿಲ್ ಆಮೆ ಬೇಸಿಗೆಯ ಮೊದಲಲ್ಲಿ ಮೊಟ್ಟೆಯಿಡಲು ಬರುತ್ತದೆ. ಸರ್ಕಾರ ಆಗ ತೀರವನ್ನು ಜನರಿಗೆ ಮುಚ್ಚುತ್ತದೆ. ಅಷ್ಟರೊಳಗೆ ಬಲೆ, ಹಗ್ಗ ತೆಗೆದಿದ್ದರೆ ಮರಿ ಆಮೆಗೆ ನೀರಿನ ತನಕ ಅಡ್ಡಿ ಒಂದು ಕಡಿಮೆ.

2022ರ ನವೆಂಬರ್ 15ರಿಂದ ಕತಾರ್ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಇದನ್ನು ಸ್ವಯಂಸೇವಕರ ಗೆಲುವು ಎನ್ನುವುದು ಅತಿಶಯ. ದೋಹಾದಲ್ಲಿ ಫುಟ್‌ಬಾಲ್ ವಿಶ್ವಕಪ್ ಆರಂಭವಾಗಲು ಆಗ ಐದೇ ದಿನ ಉಳಿದಿತ್ತು. ಗಿಡ ನೆಡುವ ಕೆಲಸವೂ ಹಾಗೆಯೇ ಮೇಲಿನಿಂದ ಬಂದದ್ದು: 2019ರಲ್ಲಿ ಹತ್ತು ಲಕ್ಷ ಮರಗಳ ಗುರಿ, ಅದು ಮುಟ್ಟಿದ ಮೇಲೆ 2030ಕ್ಕೆ ಒಂದು ಕೋಟಿ. ಶಾಲೆಗಳೂ ಸಂಘಗಳೂ ಅದರಲ್ಲಿ ಕೈಜೋಡಿಸಿದವು. ನೆಡುವ ಮರಗಳಲ್ಲಿ ಕನ್ನಡಿಗರಿಗೆ ಗುರುತು ಸಿಗುವಂಥವೂ ಇವೆ. ಅಲ್ಲಿಯ ಸಿದ್ರ ನಮ್ಮ ಎಲಚಿಯ ಕುಲದ್ದು. ಅಲ್ಲಿಯ ಗಾಫ್ ದಸರೆಯಲ್ಲಿ ಎಲೆ ಹಂಚಿಕೊಳ್ಳುವ ನಮ್ಮ ಬನ್ನಿಯೇ. ಅಲ್ ಥಕೀರಾದ ಅಳಿವೆಯಲ್ಲಿ ಕಾಂಡ್ಲಾ ಕಾಡಿದೆ, ಕುಂದಾಪುರದ ಹೊಳೆಬಾಯಿಯಲ್ಲಿ ಆಡಿ ಬೆಳೆದವರು ನಿಂತು ನೋಡುವಂಥದ್ದು.

2022ರ ವಿಶ್ವಕಪ್‌ಗೆ 20,000 ಸ್ವಯಂಸೇವಕರು ಬೇಕಾಗಿದ್ದರು. ಅರ್ಜಿ ಹಾಕಿದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಸಮವಸ್ತ್ರ, ಪಾಳಿ, ಊಟ ಎಲ್ಲವನ್ನೂ ಆಯೋಜಕರೇ ಕೊಟ್ಟ ಈ ಸೇನೆಯನ್ನು ತಳಮಟ್ಟದ ಗುಂಪು ಎನ್ನಲಾಗದು. ಆ ಪಂದ್ಯಾವಳಿಯಲ್ಲಿ ಲೋಕಪ್ರಸಿದ್ಧನಾದ, ಎತ್ತರದ ಕುರ್ಚಿಯಲ್ಲಿ ಕೂತು ಮೆಟ್ರೋಗೆ ದಾರಿ ಹೇಳುತ್ತಿದ್ದ ಕೀನ್ಯಾದ ಹುಡುಗ ಸ್ವಯಂಸೇವಕನೇ ಅಲ್ಲ, ಸಂಬಳದ ನೌಕರ. ಆದರೂ ಒಂದು ಮಾತು ನಿಜ. ಅಷ್ಟೊಂದು ಅರ್ಜಿಗಳು ಬಂದದ್ದು, ತಾನು ದುಡಿಯುವ ಊರಿನ ಹಬ್ಬದಲ್ಲಿ ತನಗೂ ಒಂದು ಜಾಗ ಬೇಕು ಎಂಬ ಆಸೆ ಎಷ್ಟು ಜನರಲ್ಲಿತ್ತು ಎಂಬುದನ್ನು ತೋರಿಸಿತು.

ಇದೇ ಜನ ರಜೆಗೆ ಊರಿಗೆ ಬಂದಾಗ ಕಾಣುವ ನಾಗರಿಕ ಗುಂಪುಗಳು ಬೇರೆ ಥರದವು. ಬೆಂಗಳೂರಿನಲ್ಲಿ 2010ರಿಂದ ಹೆಸರು ಹೇಳದೆ ಮೂಲೆ ಮೂಲೆಯ ಕಸದ ತಿಪ್ಪೆ ತೆಗೆದು ಗೋಡೆಗೆ ಬಣ್ಣ ಬಳಿಯುವ 'ದಿ ಅಗ್ಲಿ ಇಂಡಿಯನ್' ಇದೆ. ಮಂಗಳೂರಿನಲ್ಲಿ 2015ರಿಂದ ರಾಮಕೃಷ್ಣ ಮಿಷನ್ ಭಾನುವಾರಗಳಂದು ಪೊರಕೆ ಹಿಡಿಸಿತು. ಇವುಗಳ ತೀರ ಗುಡಿಸುವ ತಮ್ಮಂದಿರು ದೋಹಾದಲ್ಲಿದ್ದಾರೆ. ಆದರೆ 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಬೆಂಗಳೂರಿಗರು ಮಾನವ ಸರಪಳಿ ಕಟ್ಟಿ, ಮುಂದಿನ ವರ್ಷ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಂಥದಕ್ಕೆ ಅಲ್ಲಿ ಸಮಾನವಾದದ್ದೇನೂ ಇಲ್ಲ. ಹೊರದೇಶದ ಕಾರ್ಮಿಕರಿಗೆ ಸಂಘಟನೆ ಕಟ್ಟುವ ಹಕ್ಕಿಲ್ಲ. ಸಂಬಳ ಕೊಡದ ಮಾಲೀಕನ ವಿಚಾರದಲ್ಲಿ ಸಮುದಾಯದ ಕಾರ್ಯಕರ್ತ ಮಾಡಬಹುದಾದ್ದು ದೂರು ಬರೆದುಕೊಡುವುದು, ಸಚಿವಾಲಯದ ದಾರಿ ತೋರಿಸುವುದು, ನಡುವೆ ನಿಂತು ಮಾತಾಡುವುದು. ದನಿ ಎತ್ತರಿಸಿದರೆ ಸಹಾಯ ಕೇಳಿ ಬಂದವನ ಜೊತೆ ತನ್ನ ವೀಸಾವೂ ಹೋದೀತು ಎಂಬುದು ಅವನಿಗೆ ಗೊತ್ತು. ಕತಾರ್‌ನ ಸ್ವಯಂಸೇವೆ ಕಷ್ಟವನ್ನು ಹಗುರ ಮಾಡುತ್ತದೆ. ಕಷ್ಟ ಹುಟ್ಟುವ ಜಾಗಕ್ಕೆ ಅದರ ಕೈ ಹೋಗುವುದು ಅಪರೂಪ. ನಿರ್ಗಮನ ಪರವಾನಗಿ, ಮಾಲೀಕನ ಒಪ್ಪಿಗೆಯಿಲ್ಲದೆ ನೌಕರಿ ಬದಲಿಸುವಂತಿಲ್ಲವೆಂಬ ನಿಯಮಗಳು 2018ರಿಂದ 2020ರ ನಡುವೆ ಸಡಿಲವಾದದ್ದು ಅಂತರರಾಷ್ಟ್ರೀಯ ಒತ್ತಡದಿಂದ, 2018ರಲ್ಲಿ ದೋಹಾದಲ್ಲಿ ಕಚೇರಿ ತೆರೆದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜೊತೆಗಿನ ಮಾತುಕತೆಯಿಂದ.

ಕೈ ತಲುಪದ ಇನ್ನೊಂದು ಜಾಗ ಮನೆಗಳ ಒಳಗು. ಅಡುಗೆ, ಮಕ್ಕಳ ಪಾಲನೆಗೆ ಬಂದ ಹೆಂಗಸರಿಗೆ 2017ರ 15ನೇ ಕಾನೂನು ವಾರಕ್ಕೊಂದು ರಜೆ ಬರೆದುಕೊಟ್ಟಿದೆ. ಆದರೆ ಶುಕ್ರವಾರದ ಶಿಬಿರದ ಸಾಲಿನಲ್ಲಿ ಅವರು ಕಾಣುವುದು ಕಡಿಮೆ. ಸಂಘಗಳು ಭಾಷೆ, ಧರ್ಮ, ಜಾತಿಯ ಬೇಲಿಯೊಳಗೇ ಬೆಳೆದಿರುವುದೂ ಎರಡಂಚಿನ ಕತ್ತಿ. ತೀರಿಕೊಂಡವನ ಮನೆ ಮೂಲ್ಕಿಯಲ್ಲೋ ಉಳ್ಳಾಲದಲ್ಲೋ ಎಂದು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚುವುದು ಆ ಬೇಲಿಯೊಳಗಿನ ನಂಟು. ಬೇಲಿಯ ಹೊರಗಿದ್ದವನಿಗೆ, ತನ್ನ ಕಡೆಯವರು ಎಂಬ ಹತ್ತು ಮಂದಿ ಇಲ್ಲದ ಒಂಟಿ ಕಾರ್ಮಿಕನಿಗೆ, ಆ ಹತ್ತು ನಿಮಿಷ ಹತ್ತು ದಿನವೂ ಆಗಬಹುದು.

ಉಳಿದ ತೊಡಕು ಕಾಲದ್ದು. 2018ರ 10ನೇ ಕಾನೂನು ಕಾಯಂ ವಾಸಕ್ಕೆ ಅವಕಾಶ ತೆರೆದರೂ ವರ್ಷಕ್ಕೆ ನೂರು ಜನರ ಮಿತಿ ಹಾಕಿದೆ. ಉಳಿದವರೆಲ್ಲ ಒಂದು ದಿನ ಹೊರಡುವವರೇ. ಇಪ್ಪತ್ತು ವರ್ಷ ಸಂಘಕ್ಕೆ ದುಡಿದವರಿಗೆ ಬೀಳ್ಕೊಡುಗೆ ಅಬು ಹಮೂರ್‌ನ ಐಸಿಸಿಯ ಅಶೋಕ ಹಾಲ್‌ನಲ್ಲಿ ಆಗುತ್ತದೆ. ಶಾಲು, ಹಣ್ಣು, ಸ್ಮರಣಿಕೆ, ಗುಂಪು ಫೋಟೋ. ಕೆಲಸ ಕೈ ಬದಲಾಗುವುದು ವೇದಿಕೆಯ ಮೇಲಲ್ಲ. ಆಸ್ಪತ್ರೆಯ ಕಚೇರಿಯಲ್ಲಿ ಯಾವ ಕಿಟಕಿಗೆ ಮೊದಲು ಹೋಗಬೇಕು, ಕಾರ್ಗೋದಲ್ಲಿ ಯಾರನ್ನು ಕೇಳಬೇಕು, ಯಾವ ಕಂಪನಿಯ ಪಿಆರ್‌ಒ ರಾತ್ರಿ ಫೋನ್ ಎತ್ತುತ್ತಾನೆ ಎಂಬುದೆಲ್ಲ ಹೊರಡುವವನ ಮೊಬೈಲಿನಿಂದ ಉಳಿಯುವವನ ಮೊಬೈಲಿಗೆ ಹೋಗಬೇಕು.